ಅಂಗಣಕ್ಕೆ ಬೆನ್ನು ಹಾಕಿ ಕೂತವನು

ಮನೆಯಿಂದ,
ಹದಿನೇಳನೇ ತಾರೀಖು, ಮಧ್ಯಾಹ್ನ
(ಅಂಗಡಿಗೆ ಇವತ್ತು ವಾರದ ರಜೆ)

ಪ್ರೀತಿಯ ಮಗಳೇ,

ನಿನ್ನ ಸೊಂಟ ನೋವು ಹೇಗಿದೆ? ಹಾಸ್ಟೆಲ್ಲಿನವರಿಗೆ ಹೇಳಿ ಮಂಚಕ್ಕೆ ಹಲಗೆ ಹಾಕಿಸಿಕೊಂಡೆಯಾ, ಇಲ್ಲ ಇನ್ನೂ ಆ ಜೋತುಬಿದ್ದ ಮಂಚದಲ್ಲೇ ಮುದುರಿಕೊಂಡು ಮಲಗುತ್ತಿದ್ದೀಯಾ? ಹತ್ತೊಂಬತ್ತು ವರ್ಷ ಮಗಳನ್ನು ಎತ್ತಿ ಇಳಿಸಿದ ಸೊಂಟ ಅದು, ಉದಾಸೀನ ಮಾಡಬೇಡ. ಕನ್ನಡಕದ ನಂಬರು ಬದಲಾಯಿಸುತ್ತೇನೆ ಎಂದಿದ್ದೆ, ಬದಲಾಯಿಸಿರುವುದಿಲ್ಲ, ನನಗೆ ಗೊತ್ತು. ನಲವತ್ತೆರಡನೇ ವಯಸ್ಸಿನಲ್ಲಿ ಇಪ್ಪತ್ತರ ಹುಡುಗಿಯರ ಪಕ್ಕ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆಯುವುದೆಂದರೆ ತಮಾಷೆಯಲ್ಲ. ಮಾತು ಬಾರದವರಿಗೆ ಮಾತಿನ ದಾರಿ ಹೇಗೆ ಮಾಡಿಕೊಡಬೇಕು ಎಂದು ನಿನಗೆ ಕಲಿಸುತ್ತಾರಂತಲ್ಲ, ನಿಜ ಹೇಳಬೇಕೆಂದರೆ ಅವರೇ ನಿನ್ನ ಮುಂದೆ ಕೈಕಟ್ಟಿ ಕೂತು ಕಲಿಯಬೇಕಿತ್ತು. ಆದರೆ ಕಾಗದದ ಮೇಲೆ ಮುದ್ರೆ ಬೀಳದೆ ಈ ಕಾಲದಲ್ಲಿ ಯಾರೂ ನಂಬುವುದಿಲ್ಲ. ಆರು ತಿಂಗಳು ಕಳೆದವು, ಇನ್ನು ನಾಲ್ಕು, ಹಲ್ಲು ಕಚ್ಚಿಕೊಂಡು ಮುಗಿಸಿಬಿಡು.

ಇಲ್ಲಿ ಎಲ್ಲರ ಆರೋಗ್ಯ ಚೆನ್ನಾಗಿದೆ. ಆರೋಗ್ಯಕ್ಕೇನೂ ಆಗಿಲ್ಲ ಎನ್ನುವುದು ಸುಳ್ಳಲ್ಲ. ನಿನ್ನ ಮಗಳು, ನಮ್ಮ ದೊರೆಸಾನಿ, ಊಟ ಬಿಟ್ಟಿಲ್ಲ, ನಿದ್ದೆ ಬಿಟ್ಟಿಲ್ಲ, ಎದುರುಮನೆಯ ದಾದಿಯಮ್ಮ ಬೆಳಿಗ್ಗೆ ಸಂಜೆ ಬಂದು ಸ್ನಾನ ಮಾಡಿಸಿ ಬಟ್ಟೆ ಹಾಕಿಸಿ ಹೋಗುತ್ತಾರೆ. ಆಕೆ ಈಗಲೂ ಅವಳಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ. "ಕೈ ಎತ್ತಮ್ಮಾ ಕೈ!" ಎಂದು ಕೂಗಿದರೆ ನನ್ನ ಕೈ ಎದ್ದುಬಿಡುತ್ತದೆ. ಅಳಿಯಂದಿರು ಹೋದ ವಾರ ಲಾರಿ ನಿಲ್ಲಿಸಿ ಎರಡು ದಿನ ಇದ್ದರು, ಅದರಲ್ಲಿ ಒಂದೂವರೆ ದಿನ ನಿದ್ದೆ. ಎದ್ದಾಗ ಮಗಳ ಗಾಲಿಕುರ್ಚಿಗೆ ಎಣ್ಣೆ ಬಿಟ್ಟು, ಬ್ರೇಕು ಬಿಗಿಮಾಡಿ, ಅವಳ ತಲೆ ಸವರಿ ಹೊರಟರು. ಪಾಪ, ಒಳ್ಳೆಯ ಮನುಷ್ಯ. ಆದರೆ ಅವಳು ಕಣ್ಣಲ್ಲಿ ತೋರಿಸಿ ಮಾತಾಡುವ ಅಕ್ಷರದ ಹಲಗೆ ಹಿಡಿಯಲು ಅವರಿಗೆ ಬರುವುದಿಲ್ಲ, ಮಗಳು ಮೌನವಾಗಿರುವುದಕ್ಕೂ ಮಾತು ಬಿಟ್ಟಿರುವುದಕ್ಕೂ ಅವರಿಗೆ ವ್ಯತ್ಯಾಸ ತಿಳಿಯಲಿಲ್ಲ.

ಹೌದು, ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇವತ್ತಿಗೆ ಒಂಬತ್ತು ದಿನ. ಭಾನುವಾರ ನೀನು ಫೋನು ಮಾಡಿದಾಗ "ದೊರೆಸಾನಿ ಆರಾಮಾಗಿದ್ದಾಳೆ, ನಿನ್ನ ಧ್ವನಿ ಕೇಳಿ ನಕ್ಕಳು" ಎಂದೆನಲ್ಲ, ಅವಳು ನಗಲಿಲ್ಲ. ನಿನ್ನ ಧ್ವನಿ ಕೇಳಿದರೆ ನನ್ನ ಬಾಯಿಂದ ಇಂಥವೇ ಬರುತ್ತವೆ. ಅದಕ್ಕೇ ಕಾಗದಕ್ಕೆ ಕೂತಿದ್ದೇನೆ.

ನೀನು ಹೊರಡುವ ದಿನ ನಾನು ಎದೆ ತಟ್ಟಿಕೊಂಡು ಹೇಳಿದ್ದೆ, ನನಗೆ ನೆನಪಿದೆ. "ನಲವತ್ನಾಲ್ಕು ವರ್ಷ ಬೇರೆಯವರ ತಲೆ ಹಿಡಿದವನು ನಾನು, ನನ್ನ ಮೊಮ್ಮಗಳ ಮನಸ್ಸು ಹಿಡಿಯಕ್ಕಾಗಲ್ವಾ?" ಎಂದಿದ್ದೆ. ನೀನು ಮಾತ್ರ ಬಾಗಿಲಲ್ಲಿ ನಿಂತು, "ಅಪ್ಪಾ, ಅವಳು ಮುಗಿಸೋವರೆಗೂ ಕಾಯಿ, ಅಷ್ಟೇ ಸಾಕು" ಎಂದೆ. ಅಷ್ಟೇ ಸಾಕು ಎಂದದ್ದು ಎಷ್ಟು ಕಷ್ಟ ಎಂದು ಆಮೇಲೆ ತಿಳಿಯಿತು. ಕ್ಷೌರದ ಅಂಗಡಿಯಲ್ಲಿ ಗಿರಾಕಿ "ಸ್ವಲ್ಪ..." ಎಂದರೆ ಸಾಕು, "ಹಿಂದೆ ಸಣ್ಣ ಮಾಡ್ಲಾ?" ಎಂದು ನಾನೇ ಮುಗಿಸುತ್ತೇನೆ, ಅದೇ ನನ್ನ ಹೆಗ್ಗಳಿಕೆ. ಇವಳ ಹತ್ತಿರವೂ ಅದೇ ಚಾಳಿ. ನಮ್ಮಿಬ್ಬರ ಮುಖದ ನಡುವೆ ಆ ಪಾರದರ್ಶಕ ಹಲಗೆ ಹಿಡಿಯುತ್ತೇನೆ, ಅವಳ ಕಣ್ಣು ನಿಂತ ಅಕ್ಷರವನ್ನು ಹೇಳುತ್ತೇನೆ, ಸರಿಯಿದ್ದರೆ ಸೂರು ನೋಡುತ್ತಾಳೆ, ತಪ್ಪಿದ್ದರೆ ಕಣ್ಣು ಬಿಗಿಯಾಗಿ ಮುಚ್ಚುತ್ತಾಳೆ. ಇಷ್ಟೇ ಕೆಲಸ. ಆದರೆ ಅವಳ ಕಣ್ಣು 'ನೀ' ಮೇಲೆ ನಿಂತ ಕೂಡಲೇ "ನೀರಾ?" ಎಂದು ಲೋಟ ತಂದುಬಿಡುತ್ತಿದ್ದೆ. ಅವಳು ಹೇಳಹೊರಟಿದ್ದು ನೀಲಿ ಅಂಗಿ. ತಕರಾರು ಮಾಡುವುದಕ್ಕಿಂತ ಕುಡಿಯುವುದೇ ವಾಸಿ ಎಂದು ಕುಡಿದುಬಿಡುತ್ತಿದ್ದಳು. ಆ ಮೊದಲ ತಿಂಗಳಲ್ಲಿ ಎಷ್ಟು ಲೋಟ ನೀರು ಸುಮ್ಮನೆ ಕುಡಿದಳೋ! ಆಮೇಲೆ ನಾನು ನಾಲಿಗೆ ಕಚ್ಚಿಕೊಳ್ಳುವುದನ್ನು ಕಲಿತೆ. ಮೂರನೇ ತಿಂಗಳ ಹೊತ್ತಿಗೆ "ತಾತ ಪಾಸ್" ಎಂದು ಅಕ್ಷರ ಕೂಡಿಸಿ ಹೇಳಿದಳು. ಆ ದಿನ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಪುಕ್ಕಟೆ ಕ್ಷೌರ ಮಾಡಿದೆ.

ಆಟಕ್ಕೂ ನಾನೇ ಹೋಗತೊಡಗಿದೆ, ಅದೆಲ್ಲ ಬರೆದಿದ್ದೇನೆ. ಹೋದ ತಿಂಗಳು ಮೀಸೆ ಮೇಷ್ಟ್ರು, ತಲೆಯಲ್ಲಿ ಕೂದಲಿಲ್ಲದಿದ್ದರೂ ಮೀಸೆಗೆಂದೇ ಹದಿನೈದು ದಿನಕ್ಕೊಮ್ಮೆ ಬರುತ್ತಾರಲ್ಲ ಅವರೇ, ಕುರ್ಚಿಯಲ್ಲಿ ಕೂತು ಕೇಳಿದರು, "ಅದೇನ್ರೀ ಆಟ, ಮೊಮ್ಮಗಳು ಆಡೋವಾಗ ನೀವು ಬೆನ್ನು ಹಾಕಿ ಕೂತ್ಕೋತೀರಂತೆ?" ನಾನು ಕತ್ತರಿ ಕೆಳಗಿಟ್ಟು ಪೂರ್ತಿ ವಿವರಿಸಿದೆ. ಬೊಚಿಯಾ ಅಂತ. ಅಂಗಣದಲ್ಲಿ ಮೊದಲು ಒಂದು ಬಿಳಿ ಚೆಂಡು ಬಿಡುತ್ತಾರೆ. ಒಬ್ಬರಿಗೆ ಆರು ಕೆಂಪು, ಇನ್ನೊಬ್ಬರಿಗೆ ಆರು ನೀಲಿ, ಬಿಳಿಯದರ ಹತ್ತಿರ ಯಾರದು ಹೋಗಿ ಕೂರುತ್ತದೋ ಅವರಿಗೆ ಪಾಯಿಂಟು. ಕೈ ಆಡದವರಿಗೆ ಉದ್ದಕ್ಕೆ ಸೀಳಿದ ಪೈಪಿನಂಥ ಇಳಿಜಾರು ಇರುತ್ತದೆ. ಅದನ್ನು ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಚೆಂಡನ್ನು ಇನ್ನೂ ಮೇಲಿಡು ಎಂದು ಅವಳು ಕಣ್ಣಲ್ಲಿ ಹೇಳುತ್ತಾಳೆ, ನಾನು ಹಾಗೇ ಮಾಡಬೇಕು, ಕೊನೆಗೆ ಅವಳು ಹಣೆಗೆ ಕಟ್ಟಿದ ಕೋಲಿನಿಂದ ಚೆಂಡನ್ನು ಬಿಡುತ್ತಾಳೆ. ನಾನು ತಿರುಗಿ ಅಂಗಣ ನೋಡಬಾರದು, ತುಟಿ ಬಿಚ್ಚಬಾರದು. ಕೋಚ್ ಮೊದಲ ದಿನವೇ ಹೇಳಿದ್ದರು, "ತಾತಾ, ಇಲ್ಲಿ ನೀವು ಕೈ ಅಷ್ಟೇ. ತಲೆ ಅವಳದು." ಎಲ್ಲ ಕೇಳಿ ಮೇಷ್ಟ್ರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, "ನೀವು ಬಾಯಿ ಮುಚ್ಚಿಕೊಂಡು ಕೂತ್ಕೋತೀರಾ? ಹಾಗಾದ್ರೆ ಟಿಕೆಟ್ ತಗೊಂಡು ಬರ್ತೀನಿ" ಎಂದರು. ಅಂಗಡಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಎಂಟನೇ ತಾರೀಖು ಆಯ್ಕೆಯ ಪಂದ್ಯ. ಗೆದ್ದವರಿಗೆ ತರಬೇತಿ ಶಿಬಿರ, ಅಲ್ಲಿಂದ ದೊಡ್ಡ ತಂಡ. ಆರು ವರ್ಷ ನೀನೂ ಅವಳೂ ಇದಕ್ಕೇ ಕಾದದ್ದು, ನಾನು ನಿನಗೆ ಹೇಳಬೇಕೇ? ಬೆಳಗಿನ ಎರಡು ಆಟ ಗೆದ್ದಳು. ಎಂಥ ಆಟ ಮಗಳೇ! ಅವಳು ಕಣ್ಣು ಮುಚ್ಚಿದ ಕೂಡಲೇ ನನ್ನ ಕೈ ನಿಲ್ಲುತ್ತಿತ್ತು, ಬೆನ್ನ ಹಿಂದೆ ಏನಾಗುತ್ತಿದೆ ಎಂದು ಒಂದು ಕಾಳಷ್ಟೂ ತಿಳಿಯದು, ಅವಳ ಮುಖ ಅರಳಿದರೆ ನಮ್ಮದು, ಇಲ್ಲದಿದ್ದರೆ ಅವರದು. ನಾನು ಇಷ್ಟು ಸುಮ್ಮನೆ, ಇಷ್ಟು ಸುಖವಾಗಿ ಎಲ್ಲೂ ಕೂತವನಲ್ಲ. ಸಂಜೆ ನಾಲ್ಕಕ್ಕೆ ಕೊನೆಯ ಆಟ. ಎದುರಾಳಿ ನಲವತ್ತರ ಆಸುಪಾಸಿನ ಗಡ್ಡದವರು, ಅವರ ಕೈಯಾಗಿ ಹೆಂಡತಿ ಕೂತಿದ್ದರು. ಮೋಡ ಕವಿದು ಆಟದ ಹಾಲ್‌ನ ದೀಪಗಳನ್ನೆಲ್ಲ ಹಾಕಿದರು. ನಮ್ಮ ಹುಡುಗಿಯ ಕುರ್ಚಿಯ ಹಿಂದೆ ಆಟದ ಸಾಮಾನಿಡುವ ಕೋಣೆ, ಅದಕ್ಕೆ ಗಾಜಿನ ಬಾಗಿಲು. ಬೆಳಿಗ್ಗೆ ಅದು ಬರೀ ಬಾಗಿಲಾಗಿತ್ತು. ಒಳಗೆ ಕತ್ತಲು, ಹೊರಗೆ ದೀಪ, ಈಗ ಅದು ಕನ್ನಡಿಯಾಗಿಬಿಟ್ಟಿತು.

ಬೇರೆ ಯಾರೇ ಆಗಿದ್ದರೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ, ಬಿದ್ದರೂ ಎಡ ಬಲ ಅದಲುಬದಲಾಗಿ ಏನೂ ತಿಳಿಯುತ್ತಿರಲಿಲ್ಲ. ನನ್ನ ಹಣೆಬರಹ ನೋಡು. ಮನುಷ್ಯರ ಮುಖವನ್ನು ನಾನು ನೇರವಾಗಿ ನೋಡಿದ್ದಕ್ಕಿಂತ ಕನ್ನಡಿಯಲ್ಲಿ ನೋಡಿದ್ದೇ ಹೆಚ್ಚು. ತಿರುವುಮುರುವು ಕಂಡದ್ದೇ ನನ್ನ ಕೈಗೆ ಸರಿಯಾಗಿ ಕಾಣುವುದು. ಅವಳ ಭುಜದ ಮೇಲಿಂದ ಅಂಗಣ ಪೂರ್ತಿ ಕಾಣುತ್ತಿತ್ತು, ಚೆಂಡು ಚೆಂಡೂ ಎಣಿಸುವಂತೆ. ಮೊದಲ ಮೂರು ಸುತ್ತು ಕಣ್ಣು ಕಿತ್ತು ಅವಳ ಮುಖದ ಮೇಲೇ ಇಟ್ಟೆ, ಇದು ನಿಜ, ನಂಬು. ನಾಲ್ಕನೆಯದು ಕೊನೆಯ ಸುತ್ತು. ಮೂರು ಮೂರು ಸಮ. ಅವರ ಚೆಂಡೆಲ್ಲ ಮುಗಿದು ಅವಳ ಹತ್ತಿರ ಒಂದೇ ಚೆಂಡು ಉಳಿದಿತ್ತು, ಬಿಳಿಯದರ ಪಕ್ಕ ಅವರ ನೀಲಿ ಕೂತಿತ್ತು. ಅವಳು ಎಡಕ್ಕೆ ಎಂದಳು. ನಾನು ಎಡಕ್ಕೆ ತಿರುಗಿಸಿದೆ. ಇನ್ನೂ ಎಡಕ್ಕೆ ಎಂದಳು. ಆಗ ನನ್ನ ಕಣ್ಣು ಆ ಗಾಜಿನ ಮೇಲೆ ಹೋಯಿತು.

ಎಡದಲ್ಲಿ ಅವಳದೇ ಒಂದು ಕೆಂಪು ಚೆಂಡು ದಾರಿಗೆ ಅಡ್ಡ ನಿಂತಿತ್ತು. ಬಲದಲ್ಲಿ ದಾರಿ ಸಲೀಸಾಗಿತ್ತು, ಕೂದಲಲ್ಲಿ ಬೈತಲೆ ತೆಗೆದ ಹಾಗೆ. ನಾನು ಏನೂ ಯೋಚಿಸಲಿಲ್ಲ ಮಗಳೇ, ಕೈ ತಾನಾಗಿ ಎರಡು ಬೆರಳಷ್ಟು ಬಲಕ್ಕೆ ಎಳೆಯಿತು. ಅವಳು ಕಣ್ಣು ಮುಚ್ಚಿದಳು. ನಾನು ಅರ್ಥವಾಗದವನ ಹಾಗೆ ಹುಬ್ಬು ಏರಿಸಿದೆ. ಮತ್ತೆ ಮುಚ್ಚಿದಳು, ಮತ್ತೆ ಎಡಕ್ಕೆ ನೋಡಿದಳು. ನಮ್ಮ ಪಾಲಿನ ಸಮಯ ಮುಗಿಯುತ್ತಾ ಬಂದಿತ್ತು, ರೆಫರಿ ಹತ್ತು ಸೆಕೆಂಡು ಎಂದರು. ಅವಳು ಏನು ಮಾಡಬೇಕಿತ್ತು, ನೀನೇ ಹೇಳು. ಕೈ ನನ್ನದು. ಕೂಗಿಕೊಳ್ಳಲು ಬಾಯಿಲ್ಲ. ಚೆಂಡು ಬಿಟ್ಟರೆ ನನ್ನ ಚೆಂಡು, ಬಿಡದಿದ್ದರೆ ಸೋಲು. ಹಣೆಯ ಕೋಲು ಮುಂದೆ ಬಂತು. ಚೆಂಡು ಉರುಳಿತು. ಅದು ಹೋಗಿ ಬಿಳಿಯದಕ್ಕೆ ಕೆನ್ನೆಗೆ ಕೆನ್ನೆ ತಾಗಿಸಿ ಕೂತಿದ್ದನ್ನು ನಾನು ಗಾಜಿನಲ್ಲಿ ನೋಡಿದೆ, ಹಾಲ್ ತುಂಬ ಚಪ್ಪಾಳೆ. ನಾನು ಎದ್ದು ಕುಣಿದೆ. ಅವಳ ಮುಖ ಅರಳಲಿಲ್ಲ. ಗಡ್ಡದವರ ಹೆಂಡತಿ ಬಂದು, "ಇವರು ಹೇಳ್ತಿದ್ದಾರೆ, ಇಷ್ಟು ಚೆನ್ನಾಗಿ ಆಡಿದವರ ಹತ್ರ ಸೋತಿದ್ದಕ್ಕೆ ಬೇಜಾರಿಲ್ವಂತೆ" ಎಂದು ನಮ್ಮ ಹುಡುಗಿಯ ಕೈ ಮುಟ್ಟಿ ಹೋದರು. ಅವಳು ನನ್ನನ್ನು ನೋಡಿದ ನೋಟ ನಿನಗೆ ಹೇಗೆ ಬರೆಯಲಿ. ಹುಟ್ಟಿದಾಗಿನಿಂದ ಕಣ್ಣಿನಲ್ಲೇ ಬದುಕಿದವಳು, ಎದುರಿಗೆ ಕೂತವನ ಕಣ್ಣು ಎಲ್ಲಿಗೆ ಹೋಯಿತೆಂದು ತಿಳಿಯದಷ್ಟು ಪೆದ್ದಿಯೇ? ಅವಳು ಹಿಂದೆ ತಿರುಗಿ ಆ ಬಾಗಿಲು ನೋಡಬೇಕಾದ ಅಗತ್ಯವೇ ಇರಲಿಲ್ಲ.

ಆಮೇಲೆ ಕೋಚ್ ನನಗೆ ಅಂಗಣ ತೋರಿಸಿ ಹೇಳಿದರು. "ಇವಳು ಎಡಕ್ಕೆ ಹೊಡೀತಾಳೆ ಅಂದ್ಕೊಂಡಿದ್ದೆ. ಆ ಕೆಂಪನ್ನೇ ತಳ್ಳಿ ನೀಲಿನ ಎಬ್ಬಿಸೋದು, ಅವಳೂ ಅವಳಮ್ಮನೂ ಒಂದು ವರ್ಷ ಅಭ್ಯಾಸ ಮಾಡಿದ್ರಲ್ಲ, ಎರಡು ಪಾಯಿಂಟ್ ಬರ್ತಿತ್ತು." ಆಗುತ್ತಿತ್ತೋ, ಕೆಡುತ್ತಿತ್ತೋ ಈಗ ಯಾರು ಹೇಳಬೇಕು? ದಾರಿಗೆ ಅಡ್ಡ ಎಂದು ನಾನು ತಿಳಿದದ್ದೇ ಅವಳ ದಾರಿಯಾಗಿತ್ತು. ಕೋಚ್‌ಗೆ ನಾನು ಹ್ಞೂಂ ಎಂದೆ, ನಿನಗೆ ಫೋನಿನಲ್ಲಿ ಗೆದ್ದಳು ಎಂದಷ್ಟೇ ಹೇಳಿದೆ.

ಅಂದಿನಿಂದ ಹಲಗೆ ಹಿಡಿದರೆ ಕಣ್ಣು ಮುಚ್ಚುತ್ತಾಳೆ. ಹಲಗೆ ಇಳಿಸಿದರೆ ತೆರೆಯುತ್ತಾಳೆ. ಮೊದಲ ದಿನ ಸುಸ್ತು ಎಂದುಕೊಂಡೆ, ಎರಡನೇ ದಿನ ಮುನಿಸು ಎಂದುಕೊಂಡೆ, ಮೂರನೇ ದಿನ ಕುರ್ಚಿಯ ಮುಂದೆ ಮಂಡಿಯೂರಿ ಕೂತು ತಪ್ಪಾಯಿತು ಎಂದೆ. ನಾಟಕ ಮಾಡಿದೆ, ಗದರಿದೆ, ಅವಳ ಇಷ್ಟದ ನೀಲಿ ಅಂಗಿ ಇಸ್ತ್ರಿ ಮಾಡಿ ಮುಂದೆ ಹಿಡಿದೆ. ಒಂದು ದಿನ ಅತ್ತೂಬಿಟ್ಟೆ, ಅವಳು ಕಿಟಕಿಯ ಕಡೆ ನೋಡುತ್ತಾ ಕೂತಳು. ಅವಳಿಗೆ ಹೊಟ್ಟೆನೋವು ಬಂದರೂ ನನಗೆ ತಿಳಿಯುವ ಹಾಗಿಲ್ಲ. ನೆನ್ನೆ ಊಟದ ಮಧ್ಯೆ ಮುಖ ಕಿವುಚಿದಳು. ಬಿಸಿಯೇ, ಖಾರವೇ, ನಾಲಿಗೆ ಕಚ್ಚಿಕೊಂಡಳೇ ಎಂದು ಒಂದೊಂದೇ ಕೇಳಿದೆ. ಹೌದಿಲ್ಲ ಎಂಬುದನ್ನೂ ಕೊಡಲಿಲ್ಲ. ಕೊನೆಗೆ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತೆ. ಶಿಬಿರ ಮುಂದಿನ ತಿಂಗಳ ಐದಕ್ಕೆ. ಜೊತೆಗೆ ಯಾರು ಕೂರುತ್ತಾರೆ ಎಂದು ಇಪ್ಪತ್ತೈದರೊಳಗೆ ಬರೆದು ಕಳಿಸಬೇಕು. ಈ ಮನೆಯಲ್ಲಿ, ಈ ಬೀದಿಯಲ್ಲಿ ಅವಳ ಕಣ್ಣು ಓದಲು ಬರುವವನು ನಾನೊಬ್ಬನೇ, ನನ್ನ ಮುಂದೆ ಅವಳು ಕಣ್ಣು ತೆರೆಯುವುದಿಲ್ಲ. ಏನು ಮಾಡಲಿ, ನೀನೇ ಹೇಳು. ಬಾ ಎಂದು ಬರೆಯಲು ಕೈ ಬರುವುದಿಲ್ಲ, ಬಂದರೆ ನಿನ್ನ ಹತ್ತು ತಿಂಗಳೂ ನೀರಿಗೆ ಬೀಳುತ್ತವೆ. ಮುಂದಿನ ಭಾನುವಾರ ಫೋನನ್ನು ಅವಳ ಕಿವಿಗೆ ಹಿಡಿಯುತ್ತೇನೆ, ತಾತನಿಗೆ ವಯಸ್ಸಾಯಿತು, ಒಂದು ಸಲ ಕ್ಷಮಿಸು ಎಂದು ನೀನು ಹೇಳಿನೋಡು. ಗೆಲ್ಲಲಿ ಎಂದೇ ತಾನೇ ನಾನು ಮಾಡಿದ್ದು?

ವೇಳೆಗೆ ಸರಿಯಾಗಿ ತಿನ್ನು, ಓದುವ ಭರದಲ್ಲಿ ರಾತ್ರಿ ಊಟ ಬಿಡಬೇಡ, ಆ ಹುಡುಗಿಯರ ಸರಿಸಮಕ್ಕೆ ಓಡಾಡಿ ಸೊಂಟ ಕೆಡಿಸಿಕೊಳ್ಳಬೇಡ. ನಿನಗೆ ಪಾಠ ಹೇಳುವವರಿಗೆಲ್ಲ ನನ್ನ ನಮಸ್ಕಾರ. ನಿನಗೆ ಸದಾ ಒಳ್ಳೆಯದಾಗಲಿ.

ಇಂತು ನಿನ್ನ
ಅಪ್ಪ

ತಾ.ಕ.: ಅಂಟಿಸುವ ಮುಂಚೆ ಇದನ್ನೆಲ್ಲ ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ, ಅವಳ ವಿಷಯ ಅವಳ ಬೆನ್ನ ಹಿಂದೆ ಕಳಿಸುವುದು ಸರಿಯಲ್ಲ ಎನಿಸಿತು. ಓದಿ ಮುಗಿಸಿದಾಗ ಅವಳು ಗೋಡೆಗೆ ಒರಗಿಸಿದ ಹಲಗೆಯನ್ನೇ ನೋಡುತ್ತಿದ್ದಳು. ಎದ್ದೆನೋ ಬಿದ್ದೆನೋ ಎಂದು ತಂದು ಹಿಡಿದೆ. ಒಂಬತ್ತು ದಿನದ ಮೇಲೆ ಒಂದು ಮಾತು ಕೊಟ್ಟಳು. "ಮೇಜು." ಅದೊಂದನ್ನು ನಾನು ಮೇಲಿನ ಕಾಗದದಲ್ಲಿ ಬೇಕೆಂದೇ ಬಿಟ್ಟಿದ್ದೆ.

ಆಟ ಮುಗಿದ ಮೇಲೆ ಸಹಿ ಹಾಕಲು ನಮ್ಮನ್ನು ಮೇಜಿನ ಹತ್ತಿರ ಕರೆದರು. ರೆಫರಿ ಒಳ್ಳೆಯ ಹೆಂಗಸು. ನನ್ನನ್ನು ಕೇಳದೆ ಬಗ್ಗಿ ಅವಳನ್ನೇ ಕೇಳಿದರು, "ಈ ಆಟದ ಬಗ್ಗೆ ನಿನಗೇನಾದ್ರೂ ಹೇಳೋದಿದೆಯಾಮ್ಮಾ?" ಅವಳು ಸೂರು ನೋಡಿದಳು. ನಾನು ಹಲಗೆ ಹಿಡಿದೆ. ಒಂದೊಂದೇ ಅಕ್ಷರ ಕೊಟ್ಟಳು, ನಾನು ಬಾಯಿ ಬಿಡದೆ ಮನಸ್ಸಿನಲ್ಲೇ ಕೂಡಿಸಿಕೊಂಡೆ. "ತಾತ ನೋಡಿದ. ಪಾಯಿಂಟ್ ನನ್ನದಲ್ಲ." ಅವಳು ಪೂರ್ತಿ ಮುಗಿಸಿದಳು ಮಗಳೇ, ನಾನು ಮುಗಿಯುವವರೆಗೂ ಕಾದೆ. ರೆಫರಿ ಪೆನ್ನು ಹಿಡಿದು ಏನಂತೆ ಎಂದು ನನ್ನ ಮುಖ ನೋಡಿದರು. ನಾನು, "ನಿಮಗೆಲ್ಲ ಥ್ಯಾಂಕ್ಸ್ ಅಂತಿದ್ದಾಳೆ" ಎಂದೆ.

ಅವಳು ಕಣ್ಣು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು, ಎಷ್ಟು ಸಲವೋ. "ಪಾಪ, ಸುಸ್ತಾಗಿದೆ" ಎಂದು ರೆಫರಿ ಅವಳ ಕೆನ್ನೆ ತಟ್ಟಿದರು. ನಾನು ಸಹಿ ಹಾಕಿದೆ.

ಇದನ್ನು ಬರೆದು ಮತ್ತೆ ಓದಿ ಹೇಳಿದೆ. ಆಮೇಲೆ ಅವಳು ಒಂದು ಗಂಟೆ ಹಲಗೆ ಇಳಿಸಲು ಬಿಡಲಿಲ್ಲ. ಕೆಳಗಿನದು ಅವಳದು, ನಾನು ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ:

"ಅಮ್ಮಾ ನೀನು ಬರಬೇಡ. ಓದು ಮುಗಿಸು. ಶಿಬಿರಕ್ಕೆ ನಾನು ಹೋಗಲ್ಲ. ಆ ಜಾಗ ಗಡ್ಡದ ಮಾಮನದು. ರೆಫರಿಗೆ ನೀನೇ ಕಾಗದ ಬರಿ. ತಾತ ಬರೆಯುವುದು ಬೇಡ. ತಾತನ ಕೈಯಲ್ಲಿ ಊಟ ಮಾಡ್ತೀನಿ. ಮಾತು ಕೊಡಲ್ಲ."

ಇದನ್ನೂ ಓದಿ ಹೇಳಿದೆ. ಸರಿ ಎಂದಳು. ಅಂಚೆಯವರು ಐದಕ್ಕೆ ಡಬ್ಬಿ ತೆರೆಯುತ್ತಾರೆ, ಈಗ ಹೊರಟರೆ ಸಿಗುತ್ತದೆ. ಹೋಗಿ ಹಾಕುವವನೂ ನಾನೇ ಅಲ್ಲವೇ, ಬೇರೆ ಯಾರಿದ್ದಾರೆ ಅವಳಿಗೆ. ಚಪ್ಪಲಿ ಮೆಟ್ಟಿಕೊಂಡು ನಿಂತೇ ಇಷ್ಟು ಬರೆಯುತ್ತಿದ್ದೇನೆ, ಅವಳು ನನ್ನ ಕೈಯಲ್ಲಿರುವ ಈ ಕಾಗದದ ಮೇಲಿಂದ ಕಣ್ಣು ತೆಗೆಯುತ್ತಿಲ್ಲ.